ಕೇಳಿ, ಹೇಳುತ್ತೇನೆ: ಹ್ಯಾಂಗರಿನೊಳಗೆ ಒಂದು ಆಕಾಶ

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ‘ಬಾಗಿಲು ಮುಚ್ಚಿದ ಹ್ಯಾಂಗರಿನಲ್ಲಿ ನಿಂತ ವಿಮಾನವನ್ನು ನಾವು ಅರಬ್ಬೀ ಸಮುದ್ರದ ಮೇಲೆ ಹಾರಿಸುತ್ತಿದ್ದೆವು, ಚಕ್ರ ಒಂದಿಂಚೂ ಉರುಳುತ್ತಿರಲಿಲ್ಲ’ ಅಂತ. ಆ ಒಂದು ಸಾಲಿಗೇ ಈ ಸಲ ಪತ್ರಗಳು ಬಂದಿವೆ. ಹಾಗೆ ಹಾರಿಸುತ್ತಿದ್ದದ್ದು ವಿಮಾನದ ಜಿಪಿಎಸ್‌ಗೆ ಸುಳ್ಳು ಸಂಕೇತ ಕೊಟ್ಟು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಜಿಪಿಎಸ್‌ಗೆ. ಹೊಸ ಓದುಗರಿಗೆ ಹೇಳಬೇಕು ಅಂದರೆ, ನಾನು 31 ವರ್ಷ ಏವಿಯಾನಿಕ್ಸ್ ಶಾಪಿನಲ್ಲಿ ಇದ್ದವನು. ವಿಮಾನದ ರೇಡಿಯೋ, ರಾಡಾರ್, ಜಿಪಿಎಸ್ ರಿಪೇರಿ ಮತ್ತು ಪರೀಕ್ಷೆ ನನ್ನ ಕೆಲಸ. ಈಗ ಕಿನ್ನಿಗೋಳಿ ಹತ್ತಿರ ಮನೆ. ಬಜಪೆಗೆ ಇಳಿಯುವ ವಿಮಾನದ ಸದ್ದು ಅಂಗಳಕ್ಕೆ ಕೇಳುತ್ತದೆ.

ಪ್ರಶ್ನೆ: ಸರ್, ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಜಿಪಿಎಸ್ ಪರೀಕ್ಷೆ ಮಾಡಬೇಕು ಅಂದರೆ ವಿಮಾನವನ್ನು ಹೊರಗೆ ಎಳೆದು ಬಯಲಲ್ಲಿ ನಿಲ್ಲಿಸಿದರೆ ಸಾಕಲ್ವಾ? ಆಕಾಶದಲ್ಲಿ ಉಪಗ್ರಹಗಳು ಇದ್ದೇ ಇವೆ. ಸುಳ್ಳು ಸಂಕೇತ ಯಾಕೆ ಬೇಕು?

ಉತ್ತರ: ತಂಗೀ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯರಿಗೆ ನಾನೂ ಇದನ್ನೇ ಕೇಳಿದ್ದೆ. ಅವರು ತಿರುಗಿ ಕೇಳಿದರು, ‘ಹೊರಗೆ ನಿಲ್ಲಿಸಿದರೆ ನಿನಗೆ ಏನು ಗೊತ್ತಾಗುತ್ತದೆ?’ ಯೋಚಿಸಿದೆ. ರಿಸೀವರ್, ಅಂದರೆ ವಿಮಾನದೊಳಗೆ ಸಂಕೇತ ಕೇಳಿಸಿಕೊಳ್ಳುವ ಪೆಟ್ಟಿಗೆ, ಉಪಗ್ರಹಗಳನ್ನು ಹಿಡಿಯಿತು, ಇಂಥ ಜಾಗದಲ್ಲಿ ಇದ್ದೇನೆ ಅಂತ ತೋರಿಸಿತು. ಅಷ್ಟೇ. ನಿಂತಲ್ಲೇ ನಿಂತ ವಿಮಾನ, ಒಳ್ಳೆಯ ಆಕಾಶ, ಎಲ್ಲ ಉಪಗ್ರಹವೂ ಸರಿ ಇರುವ ದಿನ. ಇಷ್ಟು ಅನುಕೂಲ ಇದ್ದರೆ ಕೈಯಲ್ಲಿರುವ ಮೊಬೈಲೂ ಸರಿಯಾಗಿಯೇ ಹೇಳುತ್ತದೆ.

ನಮಗೆ ಬೇಕಾದದ್ದು ಬೇರೆ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹೋಗುವಾಗ ಅದು ಉಪಗ್ರಹಗಳನ್ನು ಬಿಡದೆ ಹಿಡಿದುಕೊಳ್ಳುತ್ತದಾ? ವಿಮಾನ ತಿರುಗಿ ವಾಲಿದಾಗ ನಾಲ್ಕಾರು ಉಪಗ್ರಹ ರೆಕ್ಕೆಯ ಮರೆಗೆ ಹೋದರೆ ಏನು ಮಾಡುತ್ತದೆ? ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಉಪಗ್ರಹ ತಪ್ಪು ಹೇಳತೊಡಗಿದರೆ ಇದಕ್ಕೆ ಅನುಮಾನ ಬರುತ್ತದಾ? ಇದಕ್ಕೆಲ್ಲ ನಿಜವಾದ ಆಕಾಶ ಉಪಯೋಗಕ್ಕೆ ಬರುವುದಿಲ್ಲ. ನೀನು ಹೇಳಿದಾಗ ಯಾವ ಉಪಗ್ರಹವೂ ಕೆಡುವುದಿಲ್ಲ ನೋಡು.

ಅದಕ್ಕೇ ಸಿಮ್ಯುಲೇಟರ್, ಅಂದರೆ ಉಪಗ್ರಹಗಳ ಹಾಗೆಯೇ ಸುಳ್ಳು ಸಂಕೇತ ಹೊರಡಿಸುವ ಯಂತ್ರ. ಹ್ಯಾಂಗರಿಗೆ ತರುವ ಮಾದರಿ ಸಣ್ಣ ಸೂಟ್‌ಕೇಸಿನಷ್ಟು ಇರುತ್ತದೆ. ಅದಕ್ಕೆ ಜಾಗ, ತಾರೀಕು, ಗಂಟೆ, ಹಾರುವ ದಾರಿ ಇಷ್ಟು ಹೇಳಿದರೆ ಸಾಕು. ಆ ಹೊತ್ತಿಗೆ ಆ ಜಾಗದ ಮೇಲೆ ಯಾವ ಯಾವ ಉಪಗ್ರಹ, ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ ಇರಬೇಕು ಅಂತ ಲೆಕ್ಕ ಹಾಕುತ್ತದೆ. ಒಂದೊಂದಕ್ಕೂ ಅದರದೇ ಕೋಡ್ ಹಾಕಿ 1575.42 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಹೊರಡಿಸುತ್ತದೆ. ನಿಜವಾದ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಲ್ಲಿದೆ. ಅದು ನೆತ್ತಿಯ ಮೇಲೇ ಇದ್ದರೂ ಸಂಕೇತ ಕೆಳಗೆ ಬರಲು ಸೆಕೆಂಡಿನ ಸಾವಿರದಲ್ಲಿ 67 ಪಾಲು ಹೊತ್ತು ಬೇಕು. ಮೇಜಿನ ಮೇಲಿರುವ ಸಿಮ್ಯುಲೇಟರ್ ಅದೇ ವಿಳಂಬವನ್ನು ಲೆಕ್ಕ ಮಾಡಿ ಕೊಡುತ್ತದೆ. ವಿಮಾನ ಉಪಗ್ರಹದ ಕಡೆಗೆ ಸೆಕೆಂಡಿಗೆ 250 ಮೀಟರ್ ಹೋಗುತ್ತಿದೆ ಅಂತ ಇಟ್ಟುಕೊ. ಆಗ ಫ್ರೀಕ್ವೆನ್ಸಿ ಸುಮಾರು 1,300 ಹರ್ಟ್ಸ್ ಏರಬೇಕು. ಅದನ್ನೂ ಏರಿಸುತ್ತದೆ. ರಿಸೀವರಿಗೆ ಇದು ಆಕಾಶವೇ.

ಇನ್ನು ಈ ಸಂಕೇತವನ್ನು ಒಳಗೆ ಕೊಡುವುದು ಹೇಗೆ? ಎರಡು ದಾರಿ ಇದೆ. ಆಂಟೆನಾದ ಕೇಬಲ್ ಬಿಚ್ಚಿ ಸಿಮ್ಯುಲೇಟರನ್ನು ನೇರವಾಗಿ ಪೆಟ್ಟಿಗೆಗೆ ಚುಚ್ಚುವುದು ಒಂದು. ವಿಮಾನದ ಬೆನ್ನ ಮೇಲಿರುವ ಆಂಟೆನಾಕ್ಕೆ ಕಪ್ಲರ್ ಮುಚ್ಚುವುದು ಇನ್ನೊಂದು. ಅದನ್ನು ನಾವು ಟೋಪಿ ಅಂತಲೇ ಕರೆಯುತ್ತಿದ್ದೆವು. ಒಳಗಿನಿಂದ ಸುಳ್ಳು ಆಕಾಶ ಕೊಡುತ್ತದೆ, ಹೊರಗಿನ ನಿಜ ಆಕಾಶವನ್ನು ತಡೆಯುತ್ತದೆ, ಒಳಗಿನದ್ದು ಹೊರಗೆ ಸೋರದಂತೆಯೂ ನೋಡಿಕೊಳ್ಳುತ್ತದೆ. ಅದಕ್ಕೊಂದು ಉದ್ದನೆಯ ಕೆಂಪು ಪಟ್ಟಿ ಕಟ್ಟಿರುತ್ತೇವೆ, ಹಾರುವ ಮೊದಲು ತೆಗೆಯಲು ಮರೆಯಬಾರದು ಅಂತ.

ನೇರ ಕೇಬಲ್ ದಾರಿಯಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಆಂಟೆನಾದ ಒಳಗೆ ಒಂದು ಆಂಪ್ಲಿಫೈಯರ್ ಇದೆ. ಅದಕ್ಕೆ ಕರೆಂಟ್ ಹೋಗುವುದು ಅದೇ ಕೇಬಲಿನಲ್ಲಿ, ರಿಸೀವರಿನಿಂದ ಮೇಲಕ್ಕೆ. ನಡುವೆ ಡಿಸಿ ಬ್ಲಾಕ್ (ಕರೆಂಟ್ ತಡೆದು ಸಂಕೇತ ಮಾತ್ರ ಬಿಡುವ ತುಂಡು) ಹಾಕದೆ ಚುಚ್ಚಿದರೆ ಆ ಕರೆಂಟ್ ಸಿಮ್ಯುಲೇಟರಿನ ಬಾಯಿಗೆ ಹೋಗುತ್ತದೆ. ಇನ್ನೊಂದು ವಿಷಯ, ಆಂಪ್ಲಿಫೈಯರ್ ದಾಟಿ ಬಂದಿದ್ದರೆ ಸಂಕೇತ ನೂರಾರು ಪಟ್ಟು ದೊಡ್ಡದಾಗಿರಬೇಕಿತ್ತು. ಅಷ್ಟನ್ನು ನಾವೇ ಸೇರಿಸಿ ಕೊಡಬೇಕು. ಕಮ್ಮಿ ಕೊಟ್ಟರೆ ಒಳ್ಳೆಯ ಪೆಟ್ಟಿಗೆಯೂ ಫೇಲ್ ಆಗುತ್ತದೆ. ಜಾಸ್ತಿ ಕೊಟ್ಟರೆ ಕೆಟ್ಟದ್ದೂ ಪಾಸ್ ಆಗುತ್ತದೆ. ಎರಡನೆಯದು ಅಪಾಯ.

ನನಗೆ ಟೋಪಿಯ ದಾರಿಯೇ ಇಷ್ಟ. ಯಾಕೆ ಅಂತ ಒಂದು ಘಟನೆಯಿಂದ ಹೇಳುತ್ತೇನೆ. ಕರಾವಳಿಯಲ್ಲಿ ಎರಡು ಮಳೆಗಾಲ ಹೊರಗೇ ನಿಂತಿದ್ದ ಒಂದು ಸಣ್ಣ ವಿಮಾನ. ಹಾರುವಾಗ ಜಿಪಿಎಸ್ ಬಂದು ಬಂದು ಹೋಗುತ್ತದೆ ಅಂತ ದೂರು. ಪೆಟ್ಟಿಗೆ ಬಿಚ್ಚಿ ಮೂರು ಸಲ ಬೆಂಚಿನ ಮೇಲೆ ಪರೀಕ್ಷೆ ಮಾಡಿದರು. ಮೂರು ಸಲವೂ ಪಾಸ್. ಮತ್ತೆ ಹಾಕಿದರೆ ಅದೇ ಕಥೆ. ಕೊನೆಗೆ ನಾವು ಟೋಪಿ ಇಟ್ಟು, ಸಂಕೇತವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದೆವು. ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಟ್ಟದಲ್ಲೇ ಒಂದೊಂದೇ ಉಪಗ್ರಹ ಕೈಬಿಡತೊಡಗಿತು. ಆಂಟೆನಾ ಬಿಚ್ಚಿದೆವು. ಕೆಳಗೆ ಕೇಬಲ್ ತಿರುಗಿಸಿ ಕೂರಿಸುವ ಟಿಎನ್‌ಸಿ ಕನೆಕ್ಟರಿನ ತಿರುಪಿನ ಎಳೆಗಳ ಸುತ್ತ ಹಸಿರು ಕಿಲುಬು, ಬೆರಳಿಗೆ ಪುಡಿಯಾಗಿ ಅಂಟಿತು. ನೀರು ತಡೆಯುವ ಗ್ಯಾಸ್ಕೆಟ್ ಒಂದು ಬದಿಯಲ್ಲಿ ಸೀಳಿತ್ತು. ಉಪ್ಪುಗಾಳಿ, ಮಳೆನೀರು ಎರಡೂ ಅಲ್ಲಿಂದ ಇಳಿದಿತ್ತು. ಪೆಟ್ಟಿಗೆ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ. ಬಯಲಿಗೆ ಎಳೆದು ನಿಲ್ಲಿಸಿದವರಿಗೂ ಸಿಗುತ್ತಿರಲಿಲ್ಲ, ಯಾಕೆ ಅಂದರೆ ನಿಂತಲ್ಲಿ ಅದು ಹೇಗೋ ಸುಧಾರಿಸಿಕೊಳ್ಳುತ್ತಿತ್ತು.

ಈಗ ಅನುಮಾನದ ಪರೀಕ್ಷೆ. ಜಾಗ ಮತ್ತು ಹೊತ್ತು ತಿಳಿಯಲು ನಾಲ್ಕು ಉಪಗ್ರಹ ಸಾಕು. ನಾಲ್ಕರಲ್ಲಿ ಒಂದು ತಪ್ಪು ಹೇಳಿದರೆ ಗೊತ್ತಾಗುವುದಿಲ್ಲ. ಐದು ಇದ್ದರೆ ‘ಯಾವುದೋ ಒಂದು ಸರಿ ಇಲ್ಲ’ ಅಂತ ಗೊತ್ತಾಗುತ್ತದೆ. ಆರು ಇದ್ದರೆ ಯಾವುದು ಅಂತ ಹುಡುಕಿ ಹೊರಗಿಡಬಹುದು. ಇದಕ್ಕೆ ರೈಮ್ ಅಂತ ಹೆಸರು. ಸಿಮ್ಯುಲೇಟರಿನಲ್ಲಿ ನಾವು ಒಂದು ಉಪಗ್ರಹದ ಗಡಿಯಾರವನ್ನು ನಿಧಾನವಾಗಿ ಜಾರಿಸುತ್ತೇವೆ. ಒಮ್ಮೆಲೇ ಅಲ್ಲ, ಮೆಲ್ಲ ಮೆಲ್ಲಗೆ. ದೊಡ್ಡ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಇಳಿಯುವ ಹಂತದಲ್ಲಿ ತಪ್ಪು 0.3 ನಾಟಿಕಲ್ ಮೈಲು, ಅಂದರೆ ಸುಮಾರು 556 ಮೀಟರ್ ದಾಟಿದರೆ 10 ಸೆಕೆಂಡಿನ ಒಳಗೆ ಪೈಲಟ್‌ಗೆ ಎಚ್ಚರಿಕೆ ಬರಬೇಕು. ನಾನು ಸ್ಟಾಪ್‌ವಾಚ್ ಹಿಡಿದು ಕಾಕ್‌ಪಿಟ್ಟಿನಲ್ಲಿ ಕೂರುತ್ತಿದ್ದೆ. ಆ ಎಚ್ಚರಿಕೆಯ ದೀಪ ಬಂದಾಗ ನನಗೆ ಆಗುತ್ತಿದ್ದ ಸಮಾಧಾನ ಜಾಗ ಸರಿಯಾಗಿ ತೋರಿಸಿದಾಗಲೂ ಆಗುತ್ತಿರಲಿಲ್ಲ. ‘ನನಗೆ ಗೊತ್ತಿಲ್ಲ, ನನ್ನನ್ನು ನಂಬಬೇಡಿ’ ಅಂತ ಹೇಳಲು ಬರುವ ರಿಸೀವರ್ ಬೇಕು. ಬಜಪೆಯ ಹಾಗೆ ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ ರನ್‌ವೇಗೆ ಮಳೆಯಲ್ಲಿ ಇಳಿಯುವಾಗ ಅದಕ್ಕಿಂತ ದೊಡ್ಡ ಗುಣ ಇಲ್ಲ.

ನೀನು ಓದುತ್ತಿರುವುದರಿಂದ ಇನ್ನೂ ಒಂದು ಹೇಳುತ್ತೇನೆ. ನಮ್ಮ ದೇಶದ ಆಕಾಶ ಸುಲಭದ್ದಲ್ಲ. ಭೂಕಾಂತದ ಸಮಭಾಜಕ ನಮ್ಮ ದಕ್ಷಿಣ ತುದಿಯ ಮೇಲೇ ಹಾದು ಹೋಗುತ್ತದೆ. ಅದರಿಂದ ಸೂರ್ಯ ಮುಳುಗಿದ ಮೇಲೆ ಮೇಲಿನ ಅಯಾನುಮಂಡಲದಲ್ಲಿ (ವಾತಾವರಣದ ಮೇಲಿನ, ವಿದ್ಯುತ್ ಕಣಗಳಿರುವ ಪದರದಲ್ಲಿ) ಗುಳ್ಳೆಗಳೇಳುತ್ತವೆ, ಜಿಪಿಎಸ್ ಸಂಕೇತ ಮಿಣುಕುತ್ತದೆ. ಸೂರ್ಯನ ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ ಇದು ಹೆಚ್ಚು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಈ ತಪ್ಪುಗಳಿಗೆ ತಿದ್ದುಪಡಿ ಕಳಿಸುತ್ತದೆ. 2015ರಲ್ಲಿ ಅದಕ್ಕೆ ಇಳಿಯುವ ಹಂತಕ್ಕೂ ಮಾನ್ಯತೆ ಸಿಕ್ಕಿತು. ಬೇರೆ ದೇಶದ ಶಾಂತ ಆಕಾಶದ ಲೆಕ್ಕದಲ್ಲಿ ಪಾಸ್ ಆದ ಪೆಟ್ಟಿಗೆಗೆ ನಮ್ಮ ಸಂಜೆಯ ಮಿಣುಕುವ ಆಕಾಶ ಕೊಟ್ಟು ನೋಡಬೇಕು. ಅದೂ ಸಿಮ್ಯುಲೇಟರಿನಲ್ಲೇ ಸಾಧ್ಯ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನು ಎತ್ತಿಕೋ.

ಪ್ರಶ್ನೆ: ವಿಮಾನ ನಿಂತಿದ್ದರೂ ಹಾರುತ್ತಿದೆ ಅಂತ ಅದರ ಕಂಪ್ಯೂಟರಿಗೆ ಹೇಳಿದರೆ ಬೇರೆ ಯಂತ್ರಗಳಿಗೆ ಗೊಂದಲ ಆಗುವುದಿಲ್ಲವೇ? – ಓದುಗರು, ಕಾರ್ಕಳ

ಉತ್ತರ: ಆಗುತ್ತದೆ. ಒಳ್ಳೆಯ ಪ್ರಶ್ನೆ ಮಾರಾಯರೆ. ಜಿಪಿಎಸ್ ‘450 ನಾಟ್ ವೇಗ’ ಅನ್ನುತ್ತದೆ. ಹೊರಗಿನ ಸಂಕೇತ ಇಲ್ಲದೆ ತನ್ನ ಚಲನೆಯನ್ನು ತಾನೇ ಅಳೆಯುವ ವಿಮಾನದ ಜಡತ್ವದ ಯಂತ್ರ ‘ನಾನು ಅಲ್ಲಾಡಿಯೇ ಇಲ್ಲ’ ಅನ್ನುತ್ತದೆ. ಗುಡ್ಡದ ಎಚ್ಚರಿಕೆ ಕೊಡುವ ಯಂತ್ರ ಜಿಪಿಎಸ್ ನಂಬಿ ‘ಪುಲ್ ಅಪ್’ (ಮೇಲಕ್ಕೇರಿ) ಅಂತ ಹ್ಯಾಂಗರಿನಲ್ಲೇ ಕೂಗಬಹುದು. ವಿಮಾನದ ಗಡಿಯಾರವೂ ಜಿಪಿಎಸ್‌ನಿಂದಲೇ ಹೊತ್ತು ತಿಳಿಯುತ್ತದೆ. ಆದ್ದರಿಂದ ಮೊದಲು ಕೈಪಿಡಿ ನೋಡಿ, ಕರೆಂಟ್ ಕಡಿಯಲು ಯಾವ ಯಾವ ಬ್ರೇಕರ್ ಎಳೆಯಬೇಕೋ ಎಳೆದು, ಟ್ಯಾಗ್ ಕಟ್ಟಿ ಶುರು ಮಾಡುತ್ತೇವೆ.

ಮುಗಿಸುವುದು ಶುರು ಮಾಡುವುದಕ್ಕಿಂತ ಮುಖ್ಯ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಸಂಜೆ ಪರೀಕ್ಷೆ ಮುಗಿಸಿ, ಟೋಪಿ ತೆಗೆದು, ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋದೆ. ಸಿಮ್ಯುಲೇಟರಿನಲ್ಲಿ ನಾನು ಕೊಟ್ಟಿದ್ದ ತಾರೀಕು ಐದು ತಿಂಗಳು ಮುಂದಿನದು, ಜಾಗ ಬೇರೆ ಖಂಡದ್ದು. ರಿಸೀವರ್ ಅದನ್ನೇ ನೆನಪಿಟ್ಟುಕೊಂಡಿತು. ಬೆಳಿಗ್ಗೆ ಬಯಲಿಗೆ ಬಂದಾಗ ಆ ನೆನಪಿನ ಪ್ರಕಾರ ಮೇಲೆ ಇರಬೇಕಾದ ಉಪಗ್ರಹಗಳನ್ನೇ ಹುಡುಕುತ್ತಾ ಕೂತಿತು. ಅವು ಭೂಮಿಯ ಆ ಬದಿಯಲ್ಲಿದ್ದವು. ಪೈಲಟ್ ಇಂಜಿನ್ ಆರಿಸಿ ಕಾದರು. ಎಲ್ಲ ಉಪಗ್ರಹಗಳ ಪಟ್ಟಿಯನ್ನು ಆಕಾಶದಿಂದ ಹೊಸದಾಗಿ ಪೂರ್ತಿ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಅದಕ್ಕೆ ಮೊದಲು ಒಂದಾದರೂ ಉಪಗ್ರಹ ಸಿಗಬೇಕು. ಆ ವಿಮಾನದಲ್ಲಿ ಆಸ್ಪತ್ರೆಗೆ ಹೋಗಬೇಕಾದವರು ಒಬ್ಬರಿದ್ದರು ಅಂತ ಆಮೇಲೆ ತಿಳಿಯಿತು. ಏನೂ ಅನಾಹುತ ಆಗಲಿಲ್ಲ. ಆದರೆ ಆ ಬೆಳಗ್ಗೆ ನಾನು ನಿಂತ ಜಾಗ ಇವತ್ತಿಗೂ ನೆನಪಿದೆ. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ಪರೀಕ್ಷೆಯ ಕೊನೆಯ ಸಾಲು ‘ಸುಳ್ಳು ಅಳಿಸಿದೆ, ನಿಜ ಆಕಾಶ ಹಿಡಿದದ್ದು ಕಣ್ಣಾರೆ ನೋಡಿದೆ’. ಅದರ ಕೆಳಗೆ ಗಂಟೆ ಬರೆದ ಮೇಲೆಯೇ ಸಹಿ.

ಪ್ರಶ್ನೆ: ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕಿದ ಮೇಲೂ ನನ್ನ ಮೊಬೈಲಿನ ನಕ್ಷೆಯಲ್ಲಿ ನಾವು ಹೋಗುವ ದಾರಿ ಕಾಣಿಸಿತು. ತಪ್ಪೇ? – ಗೃಹಿಣಿ, ಕದ್ರಿ

ಉತ್ತರ: ತಪ್ಪಲ್ಲ ಅಕ್ಕ. ಜಿಪಿಎಸ್ ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಹೊರಗೆ ಕಳಿಸುವುದಿಲ್ಲ. ಕಿಟಕಿ ಪಕ್ಕದ ಸೀಟಾದರೆ ಒಳ್ಳೆಯದು, ನಡುವಿನ ಸೀಟಿನಲ್ಲಿ ಸಂಕೇತ ಸಿಗುವುದು ಕಷ್ಟ. ವಿಮಾನದವರು ಫೋನ್ ಆರಿಸಿ ಅಂದರೆ ಮಾತ್ರ ಆರಿಸಿಬಿಡಿ.

ಪ್ರಶ್ನೆ: ಸರ್, ನಾನು ಸುರತ್ಕಲ್‌ನವ. ಸಂಕೇತ ಕಳಿಸಲೂ ಬರುವ ಒಂದು ಸಣ್ಣ ಸಾಫ್ಟ್‌ವೇರ್ ರೇಡಿಯೋ ತರಿಸಿದ್ದೇನೆ. ಅದರಲ್ಲಿ ಜಿಪಿಎಸ್ ಸಂಕೇತ ಮಾಡಲು ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಕಾಲೇಜಿನ ಫೆಸ್ಟ್‌ನಲ್ಲಿ ಎಲ್ಲರ ಮೊಬೈಲನ್ನೂ ಪ್ಯಾರಿಸ್‌ಗೆ ಕಳಿಸಿ ತೋರಿಸಬೇಕು ಅಂತ ಆಸೆ. ಪವರ್ ಬರೀ 1 ಮಿಲಿವ್ಯಾಟ್. ಏನಾದರೂ ತೊಂದರೆ ಉಂಟಾ?

ಉತ್ತರ: ಉಂಟು ತಮ್ಮಾ. ದಯವಿಟ್ಟು ಆ ಆಂಟೆನಾವನ್ನು ಇವತ್ತೇ ಬಿಚ್ಚಿಡು.

‘ಬರೀ 1 ಮಿಲಿವ್ಯಾಟ್’ ಅಂತ ಬರೆದಿದ್ದೀಯ. ಲೆಕ್ಕ ಹಾಕೋಣ. ಉಪಗ್ರಹದಿಂದ ನಮ್ಮ ಅಂಗಳಕ್ಕೆ ಬರುವ ಸಂಕೇತ ಎಷ್ಟು ಗೊತ್ತಾ? ಒಂದು ವ್ಯಾಟನ್ನು ಕೋಟಿ ಪಾಲು ಮಾಡು. ಅದರ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡು. ಅದರಲ್ಲೊಂದನ್ನು ಇನ್ನೂ ನೂರು ಮಾಡು. ಅಂಥ ಒಂದೆರಡು ಚೂರು. ಗಾಳಿಯಲ್ಲಿರುವ ಗದ್ದಲಕ್ಕಿಂತಲೂ ಸಣ್ಣದು. ಕೋಡ್ ಗೊತ್ತಿರುವುದರಿಂದ ಮಾತ್ರ ರಿಸೀವರ್ ಅದನ್ನು ಹೆಕ್ಕಿ ತೆಗೆಯುತ್ತದೆ. ಇದರ ಎದುರು ನಿನ್ನ 1 ಮಿಲಿವ್ಯಾಟ್, ನಡುವೆ ಏನೂ ಅಡ್ಡ ಇಲ್ಲದಿದ್ದರೆ, 10 ಕಿ.ಮೀ. ದೂರದಲ್ಲೂ ಉಪಗ್ರಹಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ. ಸುರತ್ಕಲ್‌ನಿಂದ ಬಜಪೆ ಎಷ್ಟು ದೂರ ಅಂತ ನಿನಗೆ ಗೊತ್ತು. ವಿಮಾನದ ಆಂಟೆನಾ ಬೆನ್ನ ಮೇಲಿರುವುದರಿಂದ ಕೆಳಗಿನ ಸಂಕೇತ ಸ್ವಲ್ಪ ಕಮ್ಮಿ ತಲುಪುತ್ತದೆ ನಿಜ. ಆ ‘ಸ್ವಲ್ಪ’ವನ್ನು ನಂಬಿ ನಾನಂತೂ ಕೂರಲಾರೆ.

ಆಂಟೆನಾ ಇಲ್ಲದೆಯೂ ಸೋರುತ್ತದೆ. 2017ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಜಿಪಿಎಸ್ ಪರಿಣತರದ್ದೇ ಒಂದು ಸಮ್ಮೇಳನ ನಡೆಯಿತು. ಪ್ರದರ್ಶನದಲ್ಲಿ ಒಂದು ಸಿಮ್ಯುಲೇಟರ್ ಇತ್ತು. ಅದರಿಂದ ಸೋರಿದ ಸಂಕೇತಕ್ಕೆ ಅಲ್ಲಿದ್ದವರ ಮೊಬೈಲುಗಳು ತಾವು ಫ್ರಾನ್ಸಿನ ಟುಲೂಸ್‌ನಲ್ಲಿ ಇದ್ದೇವೆ, ಇದು 2014ರ ಜನವರಿ ಅಂತ ನಂಬಿಬಿಟ್ಟವು. ಆ ಜಗತ್ತಿನ ತಜ್ಞರೆಲ್ಲ ಸೇರಿದ್ದ ಕಟ್ಟಡದಲ್ಲೇ ಹೀಗಾಯಿತು. ಜರ್ಮನಿಯ ಹ್ಯಾನೋವರ್ ನಿಲ್ದಾಣದಲ್ಲಿ 2010ರಲ್ಲಿ ಹ್ಯಾಂಗರಿನೊಳಗೆ ಸಂಕೇತ ಸಿಗಲಿ ಅಂತ ಹಾಕಿದ ಜಿಪಿಎಸ್ ರಿಪೀಟರ್ ಹೊರಗೆ ಓಡಾಡುವ ವಿಮಾನಗಳನ್ನು ದಾರಿ ತಪ್ಪಿಸಿತ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಲೈಸೆನ್ಸ್ ಇಲ್ಲದೆ ಆ ಫ್ರೀಕ್ವೆನ್ಸಿಯಲ್ಲಿ ಸಂಕೇತ ಬಿಡುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು. ಆದರೆ ನಿನ್ನ ಆಸಕ್ತಿ ಒಳ್ಳೆಯದು, ಅದನ್ನು ಬಿಡಬೇಡ. ಒಂದು ಹಳೆಯ ಜಿಪಿಎಸ್ ಮಾಡ್ಯೂಲ್ ತೆಗೆದುಕೋ, ಆಂಟೆನಾ ಚುಚ್ಚುವ ಬಾಯಿ ಇರುವಂಥದ್ದು. ನಿನ್ನ ರೇಡಿಯೋದಿಂದ ಅದಕ್ಕೆ ಕೇಬಲ್ ಎಳೆ. ನಡುವೆ ಡಿಸಿ ಬ್ಲಾಕ್ ಮತ್ತು ಒಂದರ ಹಿಂದೆ ಒಂದು ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ತುಂಡು) ಹಾಕು. ಎರಡನ್ನೂ ಮುಚ್ಚಳ ಗಟ್ಟಿ ಕೂರುವ ಲೋಹದ ಪೆಟ್ಟಿಗೆಯಲ್ಲಿಡು. ಪಕ್ಕದಲ್ಲಿ ನಿನ್ನ ಮೊಬೈಲ್ ಇಟ್ಟು, ಅದು ಸುರತ್ಕಲ್ ಬಿಟ್ಟು ಕದಲುವುದಿಲ್ಲ ಅಂತ ನೋಡು. ಕದಲಿದರೆ ಪೆಟ್ಟಿಗೆ ಸೋರುತ್ತಿದೆ, ತಕ್ಷಣ ಆರಿಸು. ಇದನ್ನೂ ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಇರುವಾಗಲೇ ಮಾಡು. ಮಾಡ್ಯೂಲ್ ಮಾತ್ರ ಪ್ಯಾರಿಸ್‌ಗೆ ಹೋಗಿ, ಮೊಬೈಲ್ ಊರಲ್ಲೇ ಉಳಿದದ್ದನ್ನು ಫೆಸ್ಟ್‌ನಲ್ಲಿ ತೋರಿಸು. ನನಗೆ ಕೇಳಿದರೆ ಅದೇ ದೊಡ್ಡ ಕೆಲಸ.

ಪ್ರಶ್ನೆ: ಗಡಿ ಕಡೆ ವಿಮಾನಗಳಿಗೆ ಸುಳ್ಳು ಜಿಪಿಎಸ್ ಬರುತ್ತಿದೆ ಅಂತ ಓದಿದೆ. ಮಗ ಪೈಲಟ್ ಆಗಲು ಕಲಿಯುತ್ತಿದ್ದಾನೆ, ಹೆದರಿಕೆ ಆಗುತ್ತದೆ. – ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಸುದ್ದಿ ನಿಜ ಸರ್. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಅಮೃತಸರ, ಜಮ್ಮು ಭಾಗದಲ್ಲಿ ಜಿಪಿಎಸ್‌ಗೆ ಅಡ್ಡಿ ಮತ್ತು ಸುಳ್ಳು ಸಂಕೇತದ 465 ಘಟನೆ ವರದಿಯಾಗಿವೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಆದರೆ ಮಗ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡು ಹಾರುವುದಿಲ್ಲ. ಜಡತ್ವದ ಯಂತ್ರ ಇದೆ, ದಿಕ್ಕು ಹೇಳುವ ವಿಓಆರ್, ದೂರ ಹೇಳುವ ಡಿಎಂಇ, ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ಎಂಬ ನೆಲದ ಮೇಲಿನ ರೇಡಿಯೋಗಳು ಇವೆ, ಕಂಟ್ರೋಲಿನವರ ರಾಡಾರ್ ಇದೆ. ಅನುಮಾನ ಬಂದಾಗ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು ಅಂತ ಈಗ ಕಲಿಸುತ್ತಾರೆ.

ನಮ್ಮ ಕೆಲಸದವರಿಗೂ ಇದರಿಂದ ಹೊಸ ಪರೀಕ್ಷೆ ಬಂದಿದೆ. ಕೇಬಲಿನೊಳಗೆ ಎರಡು ಆಕಾಶ ಒಟ್ಟಿಗೆ ಬಿಡುತ್ತಾರೆ, ಒಂದು ಸರಿಯಾದದ್ದು, ಅದರ ಮೇಲೆ ಸ್ವಲ್ಪ ಗಟ್ಟಿಯಾದ ಸುಳ್ಳಿನದು. ರಿಸೀವರ್ ಯಾವಾಗ ಮೋಸ ಹೋಗುತ್ತದೆ ಅಂತ ನೋಡುತ್ತಾರೆ. ಗುರುತುಗಳು ಇರುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬರಬೇಕಾದ ಉಪಗ್ರಹಗಳೆಲ್ಲ ಇದ್ದಕ್ಕಿದ್ದಂತೆ ಒಂದೇ ಗಟ್ಟಿಯಲ್ಲಿ ಕೇಳುತ್ತವೆ. ಗಡಿಯಾರ ಹಾರುತ್ತದೆ. ಸುಳ್ಳು ನಿಂತ ಮೇಲೆ ಅದು ಎಷ್ಟು ಬೇಗ ನಿಜಕ್ಕೆ ಮರಳುತ್ತದೆ ಅನ್ನುವುದನ್ನು ನಾನು ಹೆಚ್ಚು ನೋಡುತ್ತೇನೆ. ಮೇಲೆ ಹೇಳಿದ ನನ್ನ ತಪ್ಪಿನ ಬೆಳಗ್ಗೆ ಹ್ಯಾಂಗರಿನ ಹೊರಗೆ ಆದದ್ದೇ 35,000 ಅಡಿಯಲ್ಲಿ ಆದರೆ ಕಾಯಲು ಆಗುವುದಿಲ್ಲ.

ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟ್. ಹಳೆಯ ಜಿಪಿಎಸ್ ಸೆಟ್. ಮೀನುಗಾರಿಕೆ ನಿಷೇಧ ಅಂತ ಬೋಟ್ ದಕ್ಕೆಯಲ್ಲಿದೆ. ಜುಲೈ 10ಕ್ಕೆ ಸೆಟ್ ಹಾಕಿ ನೋಡಿದರೆ ಜಾಗ ಸರಿ, ತಾರೀಕು 24 ನವೆಂಬರ್ 2005 ಅಂತ ತೋರಿಸಿತು. ಬೋಟ್ ನಡೆಸುವ ತಾಂಡೇಲರು ಸೆಟ್ ಬದಲಿಸಿ ಅನ್ನುತ್ತಾರೆ. ಅದರಲ್ಲಿ ನಮ್ಮ ಅಪ್ಪ ಗುರುತು ಹಾಕಿದ ಎಲ್ಲಾ ಪಾಯಿಂಟ್ ಇದೆ.

ಉತ್ತರ: ಸೆಟ್ ಹಾಳಾಗಿಲ್ಲ. ಉಪಗ್ರಹ ವಾರದ ಲೆಕ್ಕವನ್ನು ಹತ್ತು ಬಿಟ್‌ನಲ್ಲಿ ಕಳಿಸುತ್ತದೆ. 0ಯಿಂದ 1023ರ ತನಕ ಎಣಿಸಿ ಮತ್ತೆ 0ಗೆ ಬರುತ್ತದೆ. 1024 ವಾರ ಅಂದರೆ 7,168 ದಿನ. 2025ರ ಜುಲೈ 10ರಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿದರೆ ಸರಿಯಾಗಿ 2005ರ ನವೆಂಬರ್ 24. ಎರಡೂ ಗುರುವಾರವೇ, ಬೇಕಾದರೆ ನೋಡಿ. ಈ ಎಣಿಕೆ 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್ 7ಕ್ಕೆ ಇನ್ನೊಮ್ಮೆ ಸುತ್ತು ಹಾಕಿದೆ. ಮುಂದಿನದು 2038ರ ನವೆಂಬರ್‌ನಲ್ಲಿ. ವಿಮಾನದ ರಿಸೀವರಿಗೆ ಆ ನಡುರಾತ್ರಿಯನ್ನು ಈಗಲೇ ಸಿಮ್ಯುಲೇಟರಿನಲ್ಲಿ ತೋರಿಸಿ, ದಾಟುತ್ತದಾ ಅಂತ ನೋಡಬಹುದು. ಬೋಟಿನ ಸೆಟ್‌ಗೆ ಅಷ್ಟು ಯಾರೂ ಮಾಡುವುದಿಲ್ಲ.

ಕಂಪನಿಯವರ ಹೊಸ ಸಾಫ್ಟ್‌ವೇರ್ ಸಿಕ್ಕಿದರೆ ತಾರೀಕು ಸರಿ ಆಗುತ್ತದೆ. ಸಿಗದಿದ್ದರೆ ಜಾಗಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ, ತಾರೀಕು ನಂಬಬೇಡಿ. ಏನೇ ಮಾಡುವ ಮೊದಲು ಅಪ್ಪನ ಪಾಯಿಂಟುಗಳನ್ನು ಒಂದು ಪುಸ್ತಕಕ್ಕೆ ಇಳಿಸಿ. ಅಕ್ಷಾಂಶ, ರೇಖಾಂಶ ಎರಡನ್ನೂ ಪೂರ್ತಿ ಬರೆಯಿರಿ, ನಿಮಿಷದ ಮೂರು ದಶಾಂಶದವರೆಗೆ. ಪಕ್ಕದಲ್ಲಿ ಮೀನಿನ ಜಾಗವೋ, ಬಲೆ ಹರಿಯುವ ಕಲ್ಲೋ ಅಂತಲೂ ಗುರುತು ಹಾಕಿ. ಸಾಫ್ಟ್‌ವೇರ್ ಹಾಕುವಾಗ ಕೆಲವು ಸೆಟ್‌ಗಳಲ್ಲಿ ನೆನಪು ಪೂರ್ತಿ ಅಳಿಸಿ ಹೋಗುತ್ತದೆ. ಆಗಸ್ಟ್ 1ಕ್ಕೆ ಬೋಟ್ ಇಳಿಯುವ ಮೊದಲು ಇನ್ನೂ ಹೊತ್ತಿದೆ. ಅಪ್ಪ ಜೊತೆಗಿದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಬರೆಯಿರಿ.